ಕಾಯುವ ಕುಂಡ

ಅಮೆರಿಕದ ಟೆಕ್ಸಾಸ್ ರಾಜ್ಯದ ಲಾಕ್‌ಹಾರ್ಟ್ ಎಂಬ ಸಣ್ಣ ಪಟ್ಟಣದಲ್ಲಿ, 1900ರಿಂದ ಮಾಂಸದ ವ್ಯಾಪಾರ ನಡೆಸಿಕೊಂಡು ಬಂದಿದ್ದ ಕ್ರೈಟ್ಸ್ ಮಾರ್ಕೆಟ್ ಎಂಬ ಅಂಗಡಿಯವರು 1999ರಲ್ಲಿ ತಮ್ಮ ಹಳೆಯ ಕಟ್ಟಡವನ್ನು ಬಿಟ್ಟು ಸಮೀಪದ ಹೊಸ ಕಟ್ಟಡಕ್ಕೆ ಹೊರಟಾಗ, ಹಳೆಯ ಇಟ್ಟಿಗೆಯ ಕುಂಡದಲ್ಲಿ ನಿಗಿನಿಗಿಸುತ್ತಿದ್ದ ಓಕ್ ಮರದ ಕೆಂಡವನ್ನು ತಗಡಿನ ಬಾನಿಯಲ್ಲಿ ತುಂಬಿ, ನಡುಬೀದಿಯಲ್ಲಿ ಎಳೆದುಕೊಂಡು ಹೋಗಿ ಹೊಸ ಕುಂಡಕ್ಕೆ ಸುರಿದರು. ಬೆಂಕಿ ಆರದಂತೆ ಕಾಯುವ ಅಗ್ನಿಹೋತ್ರಿಗಳ ಮನೆಗಳ ಸಂಗತಿಯನ್ನು ಕೇಳಿ ಬಲ್ಲ ನಮಗೆ ಇದು ತೀರ ಅಪರಿಚಿತವಾದ ಭಾವವಲ್ಲ.

ಅದೇ ನಾಡಿನ ಮನೆಗಳ ಹಿತ್ತಿಲಲ್ಲಿ ಇಂದು ಸಣ್ಣ ಬೀರುವಿನಂತೆ ನಿಂತಿರುವ ವಿದ್ಯುತ್ ಸ್ಮೋಕರ್ ಎಂಬ ಪೆಟ್ಟಿಗೆಯನ್ನು, ಮಾಂಸವಿಡುವುದಕ್ಕೆ ಮೊದಲು, ಅರ್ಧ ಮುಕ್ಕಾಲು ಗಂಟೆ ಬರಿದಾಗಿಯೇ ಕಾಯಿಸಬೇಕು. ಕಾಯುವುದೆಂಬ ನಮ್ಮ ಮಾತಿಗೆ ಬಿಸಿಯಾಗುವುದೆಂದೂ ಎದುರುನೋಡುವುದೆಂದೂ ಕಾವಲಿರುವುದೆಂದೂ ಮೂರು ಅರ್ಥಗಳುಂಟು; ಹೊಗೆಯಲ್ಲಿ ಮಾಂಸ ಬೇಯಿಸುವ ಈ ಕಸುಬಿನ ಇತಿಹಾಸವನ್ನು ನೋಡಿದರೆ, ಮೂರೂ ಅಲ್ಲಿ ಒಂದೇ ಕಡೆ ಕೂಡಿದ್ದು, ಕಾಲಕ್ರಮದಲ್ಲಿ ಒಂದೊಂದಾಗಿ ಬೇರ್ಪಟ್ಟುವೆಂದು ನನಗೆ ತೋರುತ್ತದೆ.

ಕೆರಿಬಿಯನ್ ದ್ವೀಪಗಳ ಟಾಯ್ನೊ ಜನರು ಕೋಲುಗಳಿಂದ ಕಟ್ಟುತ್ತಿದ್ದ ಅಟ್ಟಣಿಗೆಯ ಹೆಸರೇ ಸ್ಪೇನಿನವರ ಬಾಯಲ್ಲಿ ಬಾರ್ಬಕೋವಾ ಆಗಿ, ಆಂಗ್ಲರ ಬಾಯಲ್ಲಿ ಬಾರ್ಬೆಕ್ಯೂ ಆಯಿತು. 1585ರಲ್ಲಿ ಇಂದಿನ ಉತ್ತರ ಕೆರೊಲೈನದ ತೀರಕ್ಕೆ ಹೋಗಿದ್ದ ಜಾನ್ ವೈಟ್ ಎಂಬ ಚಿತ್ರಕಾರನು, ಅಲ್ಲಿನ ಮೂಲನಿವಾಸಿಗಳು ಅಂಥದೇ ಅಟ್ಟಣಿಗೆಯ ಮೇಲೆ ಮೀನುಗಳನ್ನಿಟ್ಟು ಕೆಳಗೆ ಬೆಂಕಿ ಮಾಡಿರುವುದನ್ನು ಬಣ್ಣದಲ್ಲಿ ಚಿತ್ರಿಸಿದ್ದಾನೆ. ವಲಸೆ ಬಂದ ಆಂಗ್ಲರು ಆ ಪದ್ಧತಿಯನ್ನು ನೆಲದ ಕುಳಿಗೆ ಇಳಿಸಿ ಊರೂಟವನ್ನಾಗಿ ಮಾಡಿಕೊಂಡರು. 1769ರ ಮೇ ತಿಂಗಳಿನಲ್ಲಿ ತಾನು ಅಲೆಕ್ಸಾಂಡ್ರಿಯದ ಬಾರ್ಬೆಕ್ಯೂಗೆ ಹೋಗಿ ರಾತ್ರಿ ಅಲ್ಲಿಯೇ ಉಳಿದ ಸಂಗತಿಯನ್ನು ಜಾರ್ಜ್ ವಾಷಿಂಗ್ಟನ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಬೆಂಕಿ ಕಾದವರು ಯಾರೆಂಬುದನ್ನು ಬರೆದಿಲ್ಲ.

ದಕ್ಷಿಣದ ಸೀಮೆಗಳಲ್ಲಿ ಆ ಬೆಂಕಿಯನ್ನು ಕಾದವರು ಬಹುಮಟ್ಟಿಗೆ ಗುಲಾಮರಾಗಿದ್ದ ಆಫ್ರಿಕನ್ ಮೂಲದ ಜನರು. ಔತಣದ ಹಿಂದಿನ ದಿನವೇ ಅವರು ಉದ್ದನೆಯ ಕುಳಿ ತೋಡಬೇಕು. ಹಿಕರಿ ಮತ್ತು ಓಕ್ ಮರದ ದಿಮ್ಮಿಗಳನ್ನು ಪಕ್ಕದಲ್ಲಿ ಬೇರೆಯಾಗಿ ಉರಿಸಿ, ಜ್ವಾಲೆಯೂ ದಟ್ಟ ಹೊಗೆಯೂ ಅಡಗಿ ಕೆಂಡ ಉಳಿದ ಮೇಲೆ ಸಲಿಕೆಯಿಂದ ಮೊಗೆದು ಕುಳಿಯಲ್ಲಿ ಹರಡಬೇಕು. ಕುಳಿಯ ಮಣ್ಣು ಕಾದ ಮೇಲೆಯೇ ಹಸಿಕೋಲುಗಳ ಮೇಲೆ ಇಡಿಯ ಹಂದಿಯನ್ನೊ ಕುರಿಯನ್ನೊ ಮಲಗಿಸಬೇಕು. ಅನಂತರ ಬೆಳಗಿನವರೆಗೂ, ತೊಟ್ಟಿಕ್ಕುವ ಕೊಬ್ಬಿಗೆ ಕೆಂಡ ಭಗ್ಗೆನ್ನದಂತೆ ನೋಡುತ್ತ, ಎಚ್ಚರವಾಗಿರಬೇಕು. 1930ರ ದಶಕದಲ್ಲಿ ಸರ್ಕಾರದ ಬರಹಗಾರರು ಊರೂರು ತಿರುಗಿ, ಹಿಂದೆ ಗುಲಾಮರಾಗಿದ್ದವರ ನೆನಪುಗಳನ್ನು ಬರೆದುಕೊಂಡರು. ದಕ್ಷಿಣ ಕೆರೊಲೈನದ ವೃದ್ಧನೊಬ್ಬನು, ಔತಣದ ಹಿಂದಿನ ರಾತ್ರಿಯೆಲ್ಲ ನಿದ್ದೆಗೆಟ್ಟು ತಾನು ಮಾಂಸಕ್ಕೆ ಬಳಿಯುತ್ತಿದ್ದ ರಸವನ್ನು ಆಗ ವಿವರಿಸಿದನು: ವಿನೆಗರ್, ಉಪ್ಪು, ಕರಿಮೆಣಸು, ಕೆಂಪು ಮೆಣಸಿನಕಾಯಿ, ಬೆಣ್ಣೆ, ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ. ಮುಪ್ಪಿನಲ್ಲಿಯೂ ಅಳಿಯದೆ ಉಳಿದ ಆ ಪಟ್ಟಿಯನ್ನು ಓದುವಾಗ, ಅದು ಸೇವಕನ ಮಾತಲ್ಲ, ಆಚಾರ್ಯನ ಮಾತು ಎಂದೆನಿಸುತ್ತದೆ. ಆ ಊಟದ ಹೊಗಳಿಕೆ ಮಾತ್ರ ಯಜಮಾನನಿಗೆ ಸಂದಿತು.

ಟೆಕ್ಸಾಸಿನ ಮಧ್ಯಭಾಗಕ್ಕೆ ಬಂದ ಜರ್ಮನ್ ಮತ್ತು ಚೆಕ್ ಕಟುಕರು, ಶೈತ್ಯಪೆಟ್ಟಿಗೆಯಿಲ್ಲದ ಕಾಲದಲ್ಲಿ ಮಾರಾಟವಾಗದೆ ಉಳಿದ ಮಾಂಸವನ್ನು ಹೊಗೆಯಲ್ಲಿಟ್ಟು ಕಾಪಾಡಿ, ಕಾಗದದಲ್ಲಿ ಸುತ್ತಿ ಮಾರತೊಡಗಿದರು. ನೆಲದ ಕುಳಿ ಇಟ್ಟಿಗೆಯ ಕುಂಡವಾದುದು ಅಂಥ ಅಂಗಡಿಗಳಲ್ಲಿ. ಮುಂದೆ ಕುಂಡವು ಕಬ್ಬಿಣದ ಪೀಪಾಯಿಯಾಗಿ, ಕೊನೆಗೆ ತಳದಲ್ಲಿ ತಂತಿಸುರುಳಿಯೂ ಮೇಲೊಂದು ತಟ್ಟೆಯಲ್ಲಿ ಮರದ ಚಕ್ಕೆಗಳೂ ಇರುವ ಪೆಟ್ಟಿಗೆಯಾಯಿತು.

ಪೆಟ್ಟಿಗೆ ಬದಲಾದರೂ ಮೊದಲು ಕಾಯಿಸುವ ನಿಯಮ ಬದಲಾಗದಿರುವುದಕ್ಕೆ ಬಲವಾದ ಕಾರಣಗಳಿವೆ. ತಣ್ಣನೆಯ ತಗಡಿಗೆ ತಗುಲಿದ ಹೊಗೆಯು ಆವಿಯೊಡನೆ ಬೆವತು ಕಹಿಯಾದ ಜಿಡ್ಡಾಗಿ ಇಳಿಯುತ್ತದೆ. ಆಗತಾನೆ ಕಾವೇರುತ್ತಿರುವ ಚಕ್ಕೆಯ ಹೊಗೆ ಬೆಳ್ಳಗೆ ದಟ್ಟವಾಗಿ ಘಾಟಾಗಿರುತ್ತದೆಂಬುದು ಸೌದೆಯ ಒಲೆ ಹೊತ್ತಿಸಿ ಕಣ್ಣುಜ್ಜಿಕೊಂಡವರಿಗೆಲ್ಲ ಗೊತ್ತು. ಇವೆರಡಕ್ಕಿಂತ ಮುಖ್ಯವಾದುದು, 4ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ಮಾಂಸ ಬಹಳ ಹೊತ್ತು ಇದ್ದರೆ ರೋಗಾಣುಗಳು ಬೆಳೆಯುತ್ತವೆ. ಗೂಡು ಮೊದಲೇ 107 ಡಿಗ್ರಿಯ ಆಸುಪಾಸಿಗೆ ಕಾದಿದ್ದರೆ ಆ ಅಪಾಯದ ಹೊತ್ತು ಕಿರಿದಾಗುತ್ತದೆ. ಆದರೂ ಕೆಂಡದ ಒಂದು ಗುರುತು ಈ ಪೆಟ್ಟಿಗೆಗೆ ಸುಲಭವಾಗಿ ದಕ್ಕಿಲ್ಲ. ಉರಿಯುವ ಕಟ್ಟಿಗೆಯಿಂದ ಹೊಮ್ಮುವ ಅನಿಲಗಳು ಮಾಂಸದ ಅಂಚಿನಲ್ಲಿ ಮೂಡಿಸುವ ಗುಲಾಬಿ ಬಣ್ಣದ ಬಳೆ ಇಲ್ಲಿ ಕಾಣುವುದು ಅಪರೂಪ; ತಂತಿ ಕೆಂಪಗಾಗುತ್ತದೆಯೇ ಹೊರತು ಉರಿಯುವುದಿಲ್ಲ.

ರಾತ್ರಿಯಿಡೀ ನಿದ್ದೆಗೆಟ್ಟ ಕಾವಲು ಈಗ ಉಷ್ಣನಿಯಂತ್ರಕದ ಒಂದು ತಿರುಪಿಗೆ ಸೇರಿದೆ. ಯಜಮಾನನು ಒಳಗೆ ಮಾಂಸಕ್ಕೆ ಉಪ್ಪು ಮೆಣಸು ಹಚ್ಚುತ್ತಿರುವಾಗ ಹಿತ್ತಿಲಿನಲ್ಲಿ ಪೆಟ್ಟಿಗೆ ತಾನೇ ಕಾಯುತ್ತಿರುತ್ತದೆ. ಕಂಡಿಯಿಂದ ಬರುವ ಬಿಳಿಯ ಹೊಗೆ ತೆಳುವಾಗಿ, ನೀಲಿಯಾಗಿ, ಬಿಸಿಲಿನಲ್ಲಿ ಇದೆಯೋ ಇಲ್ಲವೋ ಎಂಬಂತಾದ ಮೇಲೆ ಅವನು ಬಂದು ಬಾಗಿಲು ತೆರೆಯುತ್ತಾನೆ.