ಅಮೆರಿಕದ ಪಶ್ಚಿಮ ಸೀಮೆಯ ವಲಸೆ ಮಹಿಳೆಯರು: ಪತ್ರ ಮತ್ತು ಪಟ್ಟಾ

ಅಮೆರಿಕದ ಪಶ್ಚಿಮ ಸೀಮೆಯ ಚರಿತ್ರೆಯು ಬಹುಕಾಲ ದನಗಾಹಿ, ಸೈನಿಕ ಹಾಗೂ ಗಣಿಗಾರರ ಸಾಹಸಗಾಥೆಯಾಗಿಯೇ ನಿರೂಪಿತವಾಯಿತು. ಹೊಸ ನೆಲದಲ್ಲಿ ಸಂಸಾರ ಹೂಡಿದ ಮಹಿಳೆಯರು ಅದರಲ್ಲಿ ಗಂಡಸರ ಹಿಂಬಾಲಕರಾಗಿ ಮಾತ್ರ ಕಾಣಿಸಿಕೊಂಡರು. ದಿನಚರಿ, ಪತ್ರ, ಮೌಖಿಕ ಕಥನ ಹಾಗೂ ನಮ್ಮ ಕೌದಿಯನ್ನು ನೆನಪಿಸುವ ಹೊದಿಕೆಗಳನ್ನು ಆಕರಗಳೆಂದು ಪರಿಗಣಿಸಿದಾಗ ಈ ಚಿತ್ರ ಬದಲಾಗುತ್ತದೆ. ಆದರೆ ಇಂಥ ಆಕರಗಳನ್ನೂ ಸರ್ಕಾರಿ ಕಡತಗಳೊಡನೆ ಹೋಲಿಸಿ ಓದುವುದು ಅಗತ್ಯ.

1862ರ ಹೋಮ್‌ಸ್ಟೆಡ್ ಕಾಯ್ದೆಯು 5 ವರ್ಷ ವಾಸವಿದ್ದು ಸಾಗುವಳಿ ಮಾಡಿದವರಿಗೆ 160 ಎಕರೆವರೆಗಿನ ಸರ್ಕಾರಿ ಭೂಮಿಯನ್ನು ನೀಡಿತು. 21 ವರ್ಷ ತುಂಬಿದ ಅವಿವಾಹಿತೆಯರು, ವಿಧವೆಯರು ಹಾಗೂ ಕುಟುಂಬದ ಯಜಮಾನಿಕೆ ಹೊತ್ತ ಪರಿತ್ಯಕ್ತೆಯರು ಅರ್ಜಿ ಸಲ್ಲಿಸಬಹುದಿತ್ತು. ಗಂಡನೊಡನೆ ಬಾಳುವ ಹೆಂಡತಿಗೆ ಸಾಮಾನ್ಯವಾಗಿ ಈ ಹಕ್ಕಿರಲಿಲ್ಲ. ಹೀಗಾಗಿ ಹೈನು, ಕೋಳಿ, ಕೈತೋಟಗಳಿಂದ ಸಂಸಾರವನ್ನು ಉಳಿಸಿದವಳ ಹೆಸರು ಪಟ್ಟಾದಲ್ಲಿ ಬಾರದೆ ಹೋಯಿತು.

ಎಲಿನೋರ್ ಪ್ರುಯಿಟ್ ಸ್ಟುವರ್ಟ್ ಅವರ ಬದುಕು ಇದಕ್ಕೆ ಉತ್ತಮ ನಿದರ್ಶನ. ಡೆನ್ವರ್ ನಗರದಲ್ಲಿ ಬಟ್ಟೆ ಒಗೆದು, ಮನೆಗೆಲಸ ಮಾಡಿ ಜೀವಿಸುತ್ತಿದ್ದ ಈಕೆ 1909ರಲ್ಲಿ ಪುಟ್ಟ ಮಗಳೊಡನೆ ವಯೋಮಿಂಗ್‌ನ ಬರ್ನ್ಟ್ ಫೋರ್ಕ್‌ಗೆ ಬಂದು, ಕ್ಲೈಡ್ ಸ್ಟುವರ್ಟ್ ಎಂಬ ಪಶುಪಾಲಕನ ಮನೆಯಲ್ಲಿ ಕೆಲಸಕ್ಕೆ ಸೇರಿದರು. ತಮ್ಮ ಹಿಂದಿನ ಒಡತಿಗೆ ಬರೆದ ಪತ್ರಗಳು 1914ರಲ್ಲಿ ಗ್ರಂಥರೂಪ ತಳೆದವು. ನಗರದ ಬಡ ಅಗಸಗಿತ್ತಿಯರಿಗೆ ಸ್ವಂತ ಭೂಮಿಯೇ ಬಿಡುಗಡೆಯ ದಾರಿ ಎಂಬುದು ಆ ಪತ್ರಗಳ ನಿಲುವು.

ಕಡತಗಳು ಮತ್ತೊಂದು ಸಂಗತಿಯನ್ನು ತಿಳಿಸುತ್ತವೆ. ಭೂಮಿಗೆ ಅರ್ಜಿ ಸಲ್ಲಿಸಿದ ಕೆಲವೇ ದಿನಗಳಲ್ಲಿ ಆಕೆ ಕ್ಲೈಡ್ ಅವರನ್ನು ವಿವಾಹವಾಗಿದ್ದರು. ಈ ವಿಷಯವನ್ನು ಗೆಳತಿಗೂ ಬಹುಕಾಲ ತಿಳಿಸಿರಲಿಲ್ಲ. ದಂಪತಿಯು ಎರಡು ಪ್ರತ್ಯೇಕ ವಾಸಗಳನ್ನು ತೋರಿಸುವುದು ಕಷ್ಟವಾಗಿದ್ದುದರಿಂದ 1912ರಲ್ಲಿ ತಮ್ಮ ಹಕ್ಕನ್ನು ಅತ್ತೆಗೆ ಬಿಟ್ಟುಕೊಟ್ಟರು. 1869ರಲ್ಲಿಯೇ ಮಹಿಳೆಯರಿಗೆ ಮತಾಧಿಕಾರ ನೀಡಿದ್ದ ವಯೋಮಿಂಗ್‌ನಲ್ಲಿಯೇ ಇದು ನಡೆಯಿತೆಂಬುದು ಗಮನಾರ್ಹ.

ಇದರಿಂದ ಪತ್ರಗಳು ಸುಳ್ಳೆಂದು ತೀರ್ಮಾನಿಸುವುದು ಸರಿಯಲ್ಲ. ಹುಲ್ಲು ಕೊಯ್ದ, ಹಾಲು ಕರೆದ ದುಡಿಮೆ ಆಕೆಯದೇ; ದಕ್ಕದೆ ಹೋದದ್ದು ಒಡೆತನ ಮಾತ್ರ. ಪತ್ರವು ಆಕಾಂಕ್ಷೆಯನ್ನು ಹೇಳಿದರೆ ಕಡತವು ಅದರ ಮಿತಿಯನ್ನು ಹೇಳುತ್ತದೆ.

ಈ ಎರಡೂ ಆಕರಗಳಾಚೆ ಇನ್ನೊಂದು ಪರಂಪರೆಯಿದೆ. ಸರ್ಕಾರವು ಹಂಚಿದ ಆ ನೆಲ ಬರಿದಾಗಿರಲಿಲ್ಲ. ನೈಋತ್ಯ ವಯೋಮಿಂಗ್ ಶೋಶೋನಿ ಜನರ ನಾಡಾಗಿತ್ತು. 1868ರ ಫೋರ್ಟ್ ಬ್ರಿಡ್ಜರ್ ಒಪ್ಪಂದವು ಅವರಿಗೆ ವಿಂಡ್ ರಿವರ್ ಮೀಸಲು ಪ್ರದೇಶವನ್ನು ಗೊತ್ತುಪಡಿಸಿತು. ಮೊದಲಿಗರೆಂದು ಕರೆಯಲ್ಪಟ್ಟ ವಲಸೆ ಮಹಿಳೆಯರಿಗಿಂತ ಮೊದಲೇ ಅಲ್ಲಿ ಗೆಡ್ಡೆ ಅಗೆದು, ಚರ್ಮ ಹದಮಾಡಿ ಬದುಕು ಕಟ್ಟಿದ ಮಹಿಳೆಯರಿದ್ದರು. ಅವರ ಮೌಖಿಕ ಸ್ಮೃತಿಯನ್ನೂ ಒಳಗೊಂಡಾಗ ಮಾತ್ರ ಪಶ್ಚಿಮ ಸೀಮೆಯ ಮಹಿಳಾ ಚರಿತ್ರೆ ಪೂರ್ಣವಾಗುತ್ತದೆ.