ಚಾವಣಿಯ ಎತ್ತರ: ಕರ್ನಾಟಕದ ಮನೆಗಳಲ್ಲಿ ಅದು ಬದಲಾದ ಬಗೆ

ಕರ್ನಾಟಕದಲ್ಲಿ ಇಂದು ಹೊಸ ಮನೆ ಕಟ್ಟುವವರು ನೆಲದಿಂದ ಚಾವಣಿಗೆ 10 ಅಡಿ ಬಿಡುವುದು ಹೆಚ್ಚುಕಡಿಮೆ ರೂಢಿ. ಮೇಸ್ತ್ರಿ ಅದನ್ನು ಕೇಳುವುದಿಲ್ಲ, ಮನೆಯವರು ಹೇಳುವುದಿಲ್ಲ. ಆದರೆ ಈ ಅಳತೆ ಕಾಂಕ್ರೀಟಿನ ಜೊತೆಗೆ ಬಂದದ್ದು. ಅದಕ್ಕೂ ಹಿಂದೆ ರಾಜ್ಯದ ಒಂದೊಂದು ಸೀಮೆಯಲ್ಲಿ ಚಾವಣಿ ಒಂದೊಂದು ಎತ್ತರದಲ್ಲಿತ್ತು. ಅದನ್ನು ತೀರ್ಮಾನಿಸುತ್ತಿದ್ದುದು ಮನೆ ಹೊತ್ತ ವಸ್ತು. ಮಣ್ಣು, ಹುಲ್ಲು, ಹೆಂಚು, ಗಾರೆ ಇವುಗಳಲ್ಲಿ ಯಾವುದು ಮೇಲಿದೆ ಎಂಬುದರ ಮೇಲೆ ಗೋಡೆ ಎಷ್ಟು ಏರಬಹುದೆಂಬುದು ನಿಂತಿತ್ತು.

ಶಾಸ್ತ್ರದಲ್ಲಿಯೂ ಈ ವಿಷಯಕ್ಕೆ ಲೆಕ್ಕವಿದೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯ ವಾಸ್ತುವಿದ್ಯೆಯ ಅಧ್ಯಾಯದಲ್ಲಿ ಮನೆಯ ಅಗಲದ ಹದಿನಾರನೇ ಒಂದು ಭಾಗಕ್ಕೆ 4 ಮೊಳ ಸೇರಿಸಿದರೆ ಕೆಳ ಅಂತಸ್ತಿನ ಎತ್ತರ ಸಿಗುತ್ತದೆ. ಮೇಲಿನ ಪ್ರತಿ ಅಂತಸ್ತಿಗೆ ಹನ್ನೆರಡನೇ ಒಂದು ಭಾಗ ಕಡಿಮೆ ಮಾಡುತ್ತ ಹೋಗಬೇಕು. ಮೊಳವನ್ನು ಸುಮಾರು ಒಂದೂವರೆ ಅಡಿ ಎಂದಿಟ್ಟುಕೊಂಡರೆ 16 ಮೊಳ ಅಗಲದ ಮನೆಗೆ ಏಳೂವರೆ ಅಡಿ, 32 ಮೊಳ ಅಗಲದ ದೊಡ್ಡ ಮನೆಗೆ 9 ಅಡಿ ಬರುತ್ತದೆ. ಅಗಲ ಎರಡರಷ್ಟಾದರೂ ಎತ್ತರ ಏರುವುದು ಒಂದೂವರೆ ಅಡಿ ಮಾತ್ರ. ಮನುಷ್ಯನ ಮೈ ಅಳತೆಯನ್ನು ಮೊದಲು ಭದ್ರಮಾಡಿ, ಮನೆಯ ದೊಡ್ಡಸ್ತಿಕೆಗೆ ಸ್ವಲ್ಪವೇ ಸೇರಿಸುವ ಈ ಸೂತ್ರ ಬಹಳ ವಿವೇಕದ್ದು. ಹಳ್ಳಿಗಳಲ್ಲಿ ಮನೆ ಕಟ್ಟಿದವರ ಕೈಯಲ್ಲಿ ಗ್ರಂಥವಿರಲಿಲ್ಲ. ಅವರ ಬಳಿ ಆಯದ ಲೆಕ್ಕ, ಮೊಳಗೋಲು ಮತ್ತು ಸಿಕ್ಕಿದ ಮರದ ಉದ್ದ ಇದ್ದವು.

ಬಯಲುಸೀಮೆ ಮತ್ತು ಉತ್ತರ ಕರ್ನಾಟಕದ ಮಾಳಿಗೆ ಮನೆಯಲ್ಲಿ ಈ ವಿಷಯ ತುಂಬ ಸ್ಪಷ್ಟವಾಗಿ ಕಾಣುತ್ತದೆ. ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ಹಲಗೆ ಅಥವಾ ಒತ್ತಾಗಿ ಹಾಸಿದ ಕಡ್ಡಿ, ಅದರ ಮೇಲೆ ಮಣ್ಣು. ಮೇಲ್ಪದರಕ್ಕೆ ಕರಲು ಮಣ್ಣನ್ನೇ ಹುಡುಕಿ ತರುತ್ತಿದ್ದರು. ಬೆಳೆಗೆ ಬಾರದ ಈ ಸವುಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದೊಡನೆ ಅದರ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ, ಆಮೇಲೆ ಮಳೆ ಒಳಗೆ ಇಳಿಯುವುದಿಲ್ಲ. ಹೊಲಕ್ಕೆ ಶಾಪವಾದ ಮಣ್ಣು ಮಾಳಿಗೆಗೆ ವರವಾಯಿತು. ವರ್ಷಕ್ಕೆ 500-600 ಮಿಲಿಮೀಟರ್ ಮಳೆಯಾಗುವ ಸೀಮೆಯಲ್ಲಿ ಮುಂಗಾರಿಗೆ ಮುಂಚೆ ಮಾಳಿಗೆಯನ್ನು ಸರಿಪಡಿಸಿದರೆ ವರ್ಷ ಕಳೆಯುತ್ತಿತ್ತು.

ಇದಕ್ಕೆ ತೆರಬೇಕಾದ ಬೆಲೆ ಭಾರ. ಒಂದು ಅಡಿ ದಪ್ಪ ಬಡಿದ ಮಣ್ಣು ಪ್ರತಿ ಚದರ ಅಡಿಗೆ 50 ಕಿಲೋಗ್ರಾಮಿನ ಆಸುಪಾಸು ತೂಗುತ್ತದೆ. 8 ಅಡಿ ಅಗಲ, 10 ಅಡಿ ಉದ್ದದ ಒಂದು ಅಂಕಣದ ಮೇಲೆ ಸುಮಾರು 4 ಟನ್ ಕುಳಿತಿರುತ್ತದೆ. ಹೀಗಾಗಿ ತೊಲೆ ಗಿಡ್ಡ, ಕಂಬ ಹತ್ತಿರ ಹತ್ತಿರ, ಗೋಡೆ ಎರಡು ಮೂರು ಅಡಿ ದಪ್ಪ. ಅಷ್ಟು ಭಾರ ಹೊತ್ತ ಮಣ್ಣಿನ ಗೋಡೆಯನ್ನು ಎತ್ತರಕ್ಕೆ ಏರಿಸಿದಷ್ಟೂ ಅದು ವಾಲುವ ಅಪಾಯ ಹೆಚ್ಚು, ಎತ್ತರದ ಕಂಬಕ್ಕೆ ದಪ್ಪ ಮರ ಬೇಕು, ಬಯಲುಸೀಮೆಯಲ್ಲಿ ಅಂಥ ಮರ ಸುಲಭವಾಗಿ ಸಿಗುತ್ತಿರಲಿಲ್ಲ. ಸಾಮಾನ್ಯ ಒಕ್ಕಲಿಗನ ಮನೆಯ ಮಾಳಿಗೆ ಕೈ ಎತ್ತಿದವನಿಗೆ ತುಸು ಮೇಲಷ್ಟೇ ಇರುತ್ತಿದ್ದುದು ಇದರಿಂದ. ದೇಸಾಯಿ, ದೇಶಮುಖರ ವಾಡೆಗಳು ಎತ್ತರವಾಗಿದ್ದವು, ಅಲ್ಲಿ ಸಾಗುವಾನಿ ತರಿಸುವ ಹಣವಿತ್ತು.

ಒಂದೇ ಮನೆಯೊಳಗೂ ಎತ್ತರ ಒಂದೇ ಇರಲಿಲ್ಲ. ಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ ತಗ್ಗಿನಲ್ಲಿರುತ್ತಿತ್ತು, ಎರಡು ಮೂರು ಮೆಟ್ಟಿಲು ಹತ್ತಿದರೆ ಪಡಸಾಲೆ. ಮಾಳಿಗೆ ಮಾತ್ರ ಒಂದೇ ಮಟ್ಟದಲ್ಲಿ ಸಾಗುತ್ತಿತ್ತು. ಹೀಗಾಗಿ ದನಗಳಿಗೆ ಹೆಚ್ಚು ಗಾಳಿ ದಕ್ಕಿದರೆ ಮನುಷ್ಯರಿಗೆ ಒಣ ನೆಲ ದಕ್ಕುತ್ತಿತ್ತು. ಅಡುಗೆಮನೆಯ ಹೊಗೆ ಹೋಗಲು, ಕತ್ತಲ ನಡುಮನೆಗೆ ಬೆಳಕು ಬೀಳಲು ಮಾಳಿಗೆಯಲ್ಲೇ ಬೆಳಕಿಂಡಿ ಬಿಡುತ್ತಿದ್ದರು. ಚಾವಣಿ ತಗ್ಗಾಗಿದ್ದರೂ ಈ ಮನೆಗಳು ಬೇಸಿಗೆಯಲ್ಲಿ ತಂಪಾಗಿರುತ್ತಿದ್ದವು. ದಪ್ಪ ಮಣ್ಣಿನ ಮೇಲೆ ಬಿದ್ದ ಬಿಸಿಲು ಒಳಮೈಗೆ ಇಳಿಯಲು ಹಲವು ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಸಂಜೆಯಾಗಿರುತ್ತದೆ. ತಂಪಿಗೆ ಎತ್ತರವೇ ಬೇಕೆಂಬ ಇಂದಿನ ನಂಬಿಕೆಗೆ ಕಲಬುರಗಿ, ವಿಜಯಪುರ, ರಾಯಚೂರಿನ ಹಳೆಯ ಮಾಳಿಗೆಗಳೇ ಉತ್ತರ.

ಮಲೆನಾಡು ಮತ್ತು ಕರಾವಳಿಯ ಚಿಂತೆ ಬೇರೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯಂಥ ಕಡೆ ಮಣ್ಣಿನ ಮಾಳಿಗೆ ನಿಲ್ಲದು. ಇಲ್ಲಿ ಮಾಡು ಇಳಿಜಾರಾಗಿರಬೇಕು, ಗಾಳಿ ಹೊತ್ತು ತರುವ ಇರಚಲು ಮಣ್ಣಿನ ಗೋಡೆಗೆ ಬಡಿಯದಂತೆ ಸೂರು ತಗ್ಗಿ ಮುಂದೆ ಚಾಚಿರಬೇಕು. ಸೋಗೆ, ಮುಳಿಹುಲ್ಲಿನ ಮನೆಗಳಲ್ಲಿ ಬಗ್ಗದೆ ಜಗಲಿಗೆ ಬರಲಾಗದಷ್ಟು ಸೂರು ಕೆಳಗಿರುತ್ತಿತ್ತು. ಒಳಗೆ ಮಾತ್ರ ಮಾಡು ಏರುತ್ತಿದ್ದಂತೆ ಎತ್ತರ ತಾನಾಗಿ ಒದಗುತ್ತಿತ್ತು. ಉಳ್ಳವರು ನಡುವೆ ಹಲಗೆಯ ಮುಚ್ಚಿಗೆ ಹಾಕಿಸಿ, ಮೇಲಿನ ಜಾಗವನ್ನು ಅಟ್ಟ, ಉಪ್ಪರಿಗೆ ಮಾಡಿಕೊಂಡರು. ಕೆಳಗಿನ ಒಲೆಯ ಹೊಗೆ ಅಟ್ಟದ ಸಾಮಾನು ಬೂಸ್ಟು ಹಿಡಿಯದಂತೆ, ಮಾಡಿನ ಮರಕ್ಕೆ ಹುಳು ಬೀಳದಂತೆ ಕಾಯುತ್ತಿತ್ತು. ಮುಚ್ಚಿಗೆಯ ಕೆಳಗಿನ ಕೋಣೆ ತಗ್ಗಾದಷ್ಟೂ ಮಳೆಗಾಲದ ನಾಲ್ಕು ತಿಂಗಳು ಬೆಚ್ಚಗಿರುತ್ತಿತ್ತು.

ಈ ಲೆಕ್ಕವನ್ನು ಬದಲಿಸಿದ್ದು ಒಂದು ಕಾರ್ಖಾನೆ. ಬಾಸೆಲ್ ಮಿಶನ್ನಿನ ಗೇಯೋರ್ಗ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ನದಿದಂಡೆಯ ಜೇಡಿಯನ್ನು ಯಂತ್ರದಲ್ಲಿ ಒತ್ತಿ ಸುಟ್ಟ ಆ ಹೆಂಚುಗಳು ಒಂದರೊಳಗೊಂದು ಸಿಕ್ಕಿಕೊಂಡು ಕೂರುತ್ತಿದ್ದವು. ಒಂದೊಂದರ ತೂಕ ಎರಡು ಎರಡೂವರೆ ಕಿಲೋಗ್ರಾಂ, ಚದರ ಮೀಟರಿಗೆ ಹದಿನೈದರಷ್ಟು ಸಾಕು. ಒಂದು ಅಡಿ ಮಣ್ಣಿನ ಭಾರಕ್ಕೆ ಹೋಲಿಸಿದರೆ ಇದು ಹತ್ತರಲ್ಲಿ ಒಂದು ಪಾಲೂ ಇಲ್ಲ. ತೆಳು ಪಕಾಸು, ರೀಪುಗಳೇ ಮಾಡನ್ನು ಹೊತ್ತವು, ನಡುವಿನ ಕಂಬಗಳು ಮಾಯವಾದವು, ಗೋಡೆಗಳು ತೆಳ್ಳಗಾಗಿ ಮೇಲೇರಿದವು. 20 ಅಡಿ ಅಗಲದ ಮನೆಗೆ 30 ಡಿಗ್ರಿ ಇಳಿಜಾರು ಕೊಟ್ಟರೆ ಮಾಡಿನ ನೆತ್ತಿ ಗೋಡೆಗಿಂತ ಸುಮಾರು 6 ಅಡಿ ಮೇಲಿರುತ್ತದೆ. 9 ಅಡಿ ಗೋಡೆಯ ಸಾಧಾರಣ ಮನೆಯಲ್ಲೂ ನಡುವೆ 15 ಅಡಿ ಎತ್ತರ ಪುಕ್ಕಟೆಯಾಗಿ ಸಿಕ್ಕಿತು. ಬಿಸಿ ಗಾಳಿ ಹೆಂಚಿನ ಸಂದಿನಿಂದ ಹೊರಬಿತ್ತು. ಮುಂದೆ ಈ ಹೆಂಚು ಘಟ್ಟ ಹತ್ತಿ ಮೈಸೂರು ಸೀಮೆಯನ್ನೂ ಸೇರಿತು. ಎತ್ತರದ ಕೋಣೆ ಶ್ರೀಮಂತರ ಸೊತ್ತಾಗಿ ಉಳಿಯದಂತೆ ಮಾಡಿದ್ದು ಮಂಗಳೂರು ಹೆಂಚು ಎನ್ನಬಹುದು.

ಅದೇ ಶತಮಾನದಲ್ಲಿ ಎತ್ತರಕ್ಕೆ ಇನ್ನೊಂದು ಕಾರಣ ಹೊರಗಿನಿಂದ ಬಂತು. 1809ರಲ್ಲಿ ಬೆಂಗಳೂರು ದಂಡು ಪ್ರದೇಶ ನೆಲೆಗೊಂಡಾಗ ಬ್ರಿಟಿಷರು ಕಟ್ಟಿಕೊಂಡ ಬಂಗಲೆಗಳ ಚಾವಣಿ ಹದಿನೈದು ಅಡಿಯ ಆಸುಪಾಸಿಗೆ ಏರಿತು, ಕೆಲವೆಡೆ ಅದನ್ನೂ ಮೀರಿತು. ಕೆಟ್ಟ ಗಾಳಿಯಿಂದಲೇ ರೋಗ ಹರಡುತ್ತದೆಂಬುದು ಆ ಕಾಲದ ವೈದ್ಯರ ದೃಢ ನಂಬಿಕೆ. ಭಾರತದಲ್ಲಿನ ಸೈನ್ಯದ ಆರೋಗ್ಯದ ಬಗ್ಗೆ 1859ರಲ್ಲಿ ನೇಮಕವಾದ ರಾಯಲ್ ಕಮಿಷನ್ 1863ರಲ್ಲಿ ವರದಿ ಕೊಟ್ಟಿತು. ಫ್ಲಾರೆನ್ಸ್ ನೈಟಿಂಗೇಲ್ ಅದರ ಹಿಂದಿನ ದೊಡ್ಡ ಶಕ್ತಿ. ಅಲ್ಲಿಂದ ಮುಂದೆ ಬ್ಯಾರಕ್ಕು, ಆಸ್ಪತ್ರೆಗಳಲ್ಲಿ ತಲೆಗೆ ಇಷ್ಟು ಘನ ಅಡಿ ಗಾಳಿ ಎಂದು ಲೆಕ್ಕ ಹಾಕಿ ಕೋಣೆ ಕಟ್ಟುವ ಪದ್ಧತಿ ಬಲಗೊಂಡಿತು. ನೆಲದ ಅಗಲ ಹೆಚ್ಚಿಸದೆ ಗಾಳಿ ಹೆಚ್ಚಿಸಲು ಇರುವ ದಾರಿ ಚಾವಣಿಯನ್ನು ಎತ್ತುವುದೇ. ಪಂಕ ತೂಗಲೂ ಎತ್ತರ ಬೇಕಿತ್ತು. ಹಗ್ಗ ಗಿಡ್ಡವಾದರೆ ಬಟ್ಟೆಯ ಪಂಕ ಅಗಲವಾಗಿ ಬೀಸುವುದಿಲ್ಲ. ಮದ್ರಾಸು, ಕಲ್ಕತ್ತೆಯ ಸೆಕೆಗೆ ರೂಪುಗೊಂಡ ಈ ಮಾದರಿ 3,000 ಅಡಿ ಎತ್ತರದ ತಂಪು ಬೆಂಗಳೂರಿಗೆ ಹವೆಯ ಅಗತ್ಯದಿಂದ ಬಂದದ್ದಲ್ಲ, ಅಧಿಕಾರದ ಜೊತೆಗೆ ಬಂದದ್ದು. ಆಮೇಲೆ ಅದು ಘನತೆಯ ಗುರುತಾಗಿ ದಿವಾನರ, ವಕೀಲರ, ವರ್ತಕರ ಮನೆಗಳನ್ನೂ ಹೊಕ್ಕಿತು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಗಾಳಿಯ ಚಿಂತೆ ಮಧ್ಯಮ ವರ್ಗದ್ದೂ ಆಯಿತು. ಪೇಟೆಯ ಇಕ್ಕಟ್ಟಿನಿಂದ ಹೊರಬಂದು ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೆಲೆಸಿದವರು ಕಟ್ಟಿದ ಮನೆಗಳಲ್ಲಿ ಕಿಟಕಿಯ ಮೇಲೆ, ಚಾವಣಿಗೆ ಹತ್ತಿರವಾಗಿ ವೆಂಟಿಲೇಟರುಗಳು ಬಂದವು. ಹಗ್ಗ ಎಳೆದು ತೆರೆಯುವ ಈ ಗಾಜಿನ ಕಿಂಡಿಗೆ ಜಾಗ ಸಿಗಬೇಕಾದರೆ ಗೋಡೆ 11-12 ಅಡಿ ಇರಲೇಬೇಕು. ಹೆಂಚು ಬೇಡವೆಂದವರು ಮದ್ರಾಸ್ ತಾರಸಿ ಹಾಕಿಸಿದರು. ಮರದ ಜಂತೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದಲ್ಲಿ ಕಟ್ಟಿ, ಮೇಲೆ ಇಟ್ಟಿಗೆ ಚೂರಿನ ಗಾರೆ ಹರಡಿ, ಅಳಲೆಕಾಯಿ ಮತ್ತು ಬೆಲ್ಲದ ನೀರು ಚಿಮುಕಿಸುತ್ತ ದಿನಗಟ್ಟಲೆ ಬಡಿಯುವ ಕೆಲಸ ಅದು. ಮಣ್ಣಿನ ಮಾಳಿಗೆಗಿಂತ ಹಗುರ, ಹೆಂಚಿಗಿಂತ ಭಾರ. ಅದನ್ನು ಬಡಿಯಬಲ್ಲ ಕೈಗಳು ಈಗ ವಿರಳ.

1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂತು. ಅದರ ಹಿಂದೆಯೇ ಬಂದ ವಿದ್ಯುತ್ ಫ್ಯಾನು ಪಂಕದ ಕಾರಣವನ್ನು ಕಿತ್ತುಹಾಕಿತು. ಚಾವಣಿ ತೀರಾ ಎತ್ತರವಿದ್ದರೆ ಫ್ಯಾನಿಗೆ ಉದ್ದ ಸರಳು ಬೇಕು, ತೀರಾ ತಗ್ಗಿದ್ದರೆ ಎತ್ತಿದ ಕೈಗೆ ರೆಕ್ಕೆ ತಾಗುತ್ತದೆ. ಒಂಬತ್ತರಿಂದ ಹನ್ನೊಂದು ಅಡಿಯೊಳಗೆ ಅದು ಸಲೀಸಾಗಿ ಕೆಲಸ ಮಾಡುತ್ತದೆ. ಸ್ವಾತಂತ್ರ್ಯದ ಆಚೀಚೆ ಸಿಮೆಂಟು, ಕಬ್ಬಿಣ ಕೈಗೆಟುಕಿ ಮೋಲ್ಡ್ ಹಾಕಿದ ಮನೆ ಸಾಮಾನ್ಯವಾದಾಗ 10 ಅಡಿ ಗಟ್ಟಿಯಾಗಿ ಕೂತದ್ದಕ್ಕೆ ಕಾರಣಗಳು ಹಲವು. 7 ಅಡಿಗೆ ಬಾಗಿಲು ಕಿಟಕಿಗಳ ಲಿಂಟಲ್, ಅದರ ಮೇಲೆ ಅಟ್ಟಕ್ಕೆ 3 ಅಡಿ. ಸೆಂಟ್ರಿಂಗಿಗೆ ಆನಿಸುವ ನೀಲಗಿರಿ ಗಳಗಳ ಉದ್ದ. ಮೋಲ್ಡಿನ ದಪ್ಪ, ಮೇಲಿನ ನೆಲಹಾಸು ಸೇರಿ ಒಂದು ಅಂತಸ್ತು 10 ಅಡಿ 6 ಅಂಗುಲವಾದರೆ 6 ಅಂಗುಲದ 21 ಮೆಟ್ಟಿಲು ಸರಿಯಾಗಿ ಹೊಂದುತ್ತವೆ. ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕೆಂಬ ಮನೆಯವರ ನಂಬಿಕೆಗೂ ಅದು ಒಪ್ಪುತ್ತದೆ.

1970ರಲ್ಲಿ ಮೊದಲು ಪ್ರಕಟವಾಗಿ ಮುಂದೆ ಪರಿಷ್ಕೃತವಾಗುತ್ತ ಬಂದ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕನಿಷ್ಠ 2.75 ಮೀಟರ್, ಅಂದರೆ 9 ಅಡಿ ಗೊತ್ತುಮಾಡಿದೆ. ಇಳಿಜಾರು ಮಾಡಿದ್ದರೆ ಸರಾಸರಿ ಎತ್ತರವನ್ನು ಎಣಿಸಬೇಕು. ಸ್ನಾನದ ಕೋಣೆಗೆ 2.1 ಮೀಟರ್ ಸಾಕು. ದೊಡ್ಡ ಮನೆಗೆ ವರಾಹಮಿಹಿರನ ಲೆಕ್ಕ ಕೊಡುವ ಎತ್ತರವೂ ಹೆಚ್ಚುಕಡಿಮೆ ಇದೇ. ಎರಡಕ್ಕೂ ನೇರ ನಂಟಿಲ್ಲ, ಆದರೂ ಮನುಷ್ಯನ ಮೈಯಿಂದ ಹೊರಟ ಎರಡು ಲೆಕ್ಕಗಳು ಒಂದೆಡೆ ಸೇರಿದ್ದು ಗಮನಾರ್ಹ.

ಕಾಂಕ್ರೀಟು ಮನೆ ಕಟ್ಟುವವರು ಸೆಕೆಗೆ ಹೆದರಿ ಇನ್ನೊಂದು ಅಡಿ ಏರಿಸುವುದುಂಟು. ಬರಿಯ ಮೋಲ್ಡು ಐದು ಅಂಗುಲ ದಪ್ಪ. ಹಗಲಿಡೀ ಕಾದು ಇರುಳಿಡೀ ಕೆಳಗೆ ಕಾವು ಸೂಸುತ್ತದೆ. ಆ ಕಾವು ಬರುವುದು ಇಡೀ ಚಾವಣಿಯಿಂದ. 9 ಅಡಿಯನ್ನು 11 ಮಾಡಿದರೂ ಮಲಗಿದವನ ಮೇಲೆ ಚಾವಣಿ ಅಷ್ಟೇ ಅಗಲವಾಗಿ ಹರಡಿರುತ್ತದೆ, ಆದ್ದರಿಂದ ಸಿಗುವ ಉಪಶಮನ ಅತ್ಯಲ್ಪ. ಅದೇ ಹಣದಲ್ಲಿ ತಾರಸಿಗೆ ಸುಣ್ಣ ಬಳಿಯುವುದು, ಹೆಂಚು ಹಾಸುವುದು ಅಥವಾ ನೆರಳು ಮಾಡುವುದು ಹೆಚ್ಚು ಫಲ ಕೊಡುತ್ತದೆ. 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳನ್ನು ರೂಪಿಸಿದ ಓಟೋ ಕ್ಯೋನಿಗ್ಸ್‌ಬರ್ಗರ್ ಮುಂದೆ ಇತರರೊಡನೆ ಉಷ್ಣವಲಯದ ಕಟ್ಟಡಗಳ ಬಗ್ಗೆ ಬರೆದ 1973ರ ಕೈಪಿಡಿ ನೆರಳು, ಗಾಳಿಯ ಓಟ, ಮಾಡಿನ ವಸ್ತು ಇವುಗಳ ಲೆಕ್ಕಾಚಾರವನ್ನು ವಿದ್ಯಾರ್ಥಿಗಳಿಗೆ ಕಲಿಸಿತು.

ಇಂದು ಎತ್ತರದ ಆಯ್ಕೆ ಎರಡು ದಿಕ್ಕಿಗೆ ಹೊರಟಿದೆ. ಡ್ಯೂಪ್ಲೆಕ್ಸ್ ಮನೆಗಳಲ್ಲಿ ಹಜಾರವೊಂದನ್ನು ಎರಡು ಅಂತಸ್ತಿನ ಎತ್ತರಕ್ಕೆ ತೆರೆದಿಟ್ಟು ಹಳೆಯ ತೊಟ್ಟಿ ಮನೆಯ ಬೆಳಕನ್ನು ತರಲು ಯತ್ನಿಸುತ್ತಾರೆ. ಮೇಲಕ್ಕೇರಿದ ಗಾಳಿ ಹೊರಹೋಗಲು ಕಿಂಡಿ ಇಡದಿದ್ದರೆ ಅಲ್ಲಿ ಬೆಳಕಷ್ಟೇ ದಕ್ಕುತ್ತದೆ. ಇತ್ತ ಅಪಾರ್ಟ್‌ಮೆಂಟುಗಳಲ್ಲಿ, ಕಟ್ಟಡದ ಒಟ್ಟು ಎತ್ತರಕ್ಕೆ ಮಿತಿ ಇರುವಾಗ, ಪ್ರತಿ ಅಂತಸ್ತಿನಲ್ಲಿ ಉಳಿಸಿದ ಅರ್ಧ ಅಡಿ ಕೊನೆಗೆ ಒಂದು ಅಂತಸ್ತಿಗೆ ದಾರಿಯಾಗಬಹುದು. ಅದರ ಮೇಲೆ ದೀಪಗಳಿಗಾಗಿ ಜಿಪ್ಸಮ್ಮಿನ ಫಾಲ್ಸ್ ಸೀಲಿಂಗ್ ಇಳಿಬಿಟ್ಟರೆ ಇನ್ನೂ ಆರೆಂಟು ಅಂಗುಲ ಹೋಗುತ್ತದೆ. ಏಸಿ ಹಾಕಿದ ಕೋಣೆಗೆ ಸಂಹಿತೆಯೇ 2.4 ಮೀಟರಿನವರೆಗೆ ಇಳಿಯಲು ಅನುಮತಿ ಕೊಡುತ್ತದೆ, ಏಕೆಂದರೆ ತಂಪು ಮಾಡಬೇಕಾದ ಗಾಳಿ ಕಡಿಮೆಯಾದಷ್ಟೂ ಖರ್ಚು ಕಡಿಮೆ. ಅಂಥ ಕೋಣೆಯಲ್ಲಿ ಫ್ಯಾನನ್ನು ಕ್ಷೇಮವಾಗಿ ತೂಗುಹಾಕಲು ಎತ್ತರ ಸಾಲದು, ಕರೆಂಟು ಹೋದ ಹೊತ್ತಿನಲ್ಲಿ ಕಿಟಕಿಯೊಂದೇ ಗತಿ.