ಹಳೇ ರೈಫಲ್‌ನ ಟ್ರಿಗರ್ ಕೈಕೊಟ್ಟರೆ ಏನು ನೋಡಬೇಕು, ಏನು ಮುಟ್ಟಬಾರದು?

ಕೈಲ್ ಮುಹೂರ್ತ ಹತ್ತಿರ ಬಂದಾಗ ವರ್ಷವಿಡೀ ಮೂಲೆಯಲ್ಲಿದ್ದ ಕೋವಿಗಳು ಹೊರಗೆ ಬರ್ತವೆ. ಒರೆಸಿ ಪೂಜೆಗೆ ಇಡೋದು, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ. ಅಜ್ಜನ ಕಾಲದ್ದೋ, ಬೇರೆಯವರಿಂದ ಕೊಂಡದ್ದೋ ಆದ ರೈಫಲ್‌ನ ಟ್ರಿಗರ್ ಸರಿ ಇಲ್ಲ ಅಂತ ಗೊತ್ತಾಗೋದೂ ಆವಾಗಲೇ. ಮನೆಯಲ್ಲೇ ಅರ ತಗೊಂಡು ಉಜ್ಜೋದಕ್ಕೆ ಮೊದಲು ಇದನ್ನು ಓದಿ.

ಉದಾಹರಣೆಗೆ ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್ ತಗೊಳ್ಳೋಣ. ಇದು ಹಳೇ ಲೀ-ಎನ್‌ಫೀಲ್ಡ್ ಮಾದರಿಯದು. ಬೋಲ್ಟ್ ಮುಂದಕ್ಕೆ ತಳ್ಳಿದಾಗ ಅದರ ಹಿಂತುದಿಯ ಕಾಕಿಂಗ್ ಪೀಸ್ ಹಿಂದೆಯೇ ನಿಲ್ಲುತ್ತದೆ. ಅದನ್ನು ಹಿಡಿದಿಡುವ ಸಣ್ಣ ಕೊಕ್ಕೆಗೆ ಸಿಯರ್ ಅಂತಾರೆ. ಟ್ರಿಗರ್ ಎಳೆದರೆ ಸಿಯರ್ ಜಾರಿ, ಪಿನ್ನು ಮುಂದೆ ಹೋಗಿ ತೋಟಾಗೆ ಹೊಡೆಯುತ್ತದೆ. ಸಿಯರ್ ಮತ್ತು ಕಾಕಿಂಗ್ ಪೀಸ್ ಒಂದಕ್ಕೊಂದು ತಾಗುವ ಜಾಗ ಬಹಳ ಚಿಕ್ಕದು. ಕೋವಿ ನಿಮ್ಮ ಮಾತು ಕೇಳುತ್ತೋ ಇಲ್ಲವೋ ಅನ್ನೋದು ಆ ಚಿಕ್ಕ ಅಂಚಿನ ಮೇಲೆ ನಿಂತಿದೆ.

ಮೊದಲು ಖಾಲಿ ಮಾಡಿ

ಮ್ಯಾಗಜಿನ್ ಕಳಚಿ. ಬೋಲ್ಟ್ ತೆರೆದು ನಳಿಗೆಯ ಹಿಂಬಾಯಿ ಕಣ್ಣಿಂದ ನೋಡಿ, ಕಿರುಬೆರಳಿಂದಲೂ ಮುಟ್ಟಿ ನೋಡಿ. ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಖಾಲಿ ಅಂತ ಗೊತ್ತಿದ್ದರೂ ನಳಿಗೆ ಯಾರ ಕಡೆಗೂ ತಿರುಗಬಾರದು. ಮಕ್ಕಳು ಹತ್ತಿರ ಬೇಡ.

ನಾಲ್ಕು ಪರೀಕ್ಷೆ

1. ಬೋಲ್ಟ್ ಸ್ವಲ್ಪ ಜೋರಾಗಿ ಮುಚ್ಚಿ. ಕಾಕಿಂಗ್ ಪೀಸ್ ಹಿಂದೆಯೇ ನಿಲ್ಲಬೇಕು. ಬೋಲ್ಟ್ ಜೊತೆ ಮುಂದೆ ಹೋದರೆ ಸಿಯರ್ ಹಿಡಿಯುತ್ತಿಲ್ಲ ಅಂತ ಅರ್ಥ.

2. ಟ್ರಿಗರ್ ನಿಧಾನ ಎಳೆಯಿರಿ. ಮೊದಲು ಹಗುರ, ಆಮೇಲೆ ಗಟ್ಟಿ, ಹೀಗೆ ಎರಡು ಹಂತ ಬೆರಳಿಗೆ ಗೊತ್ತಾಗಬೇಕು. ಈ ಮಾದರಿಗೆ ಅದೇ ಸರಿ, ಅದು ದೋಷ ಅಲ್ಲ. ಎರಡನೇ ಹಂತವೇ ಇಲ್ಲದೆ ತಟ್ಟನೆ ಬಿದ್ದರೆ ಅನುಮಾನಪಡಿ.

3. ಮತ್ತೆ ಕಾಕ್ ಮಾಡಿ, ಸೇಫ್ಟಿ ಹಾಕಿ, ಟ್ರಿಗರ್ ಎಳೆದು ಬಿಡಿ. ಈಗ ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೆಯಿರಿ. ಏನೂ ಆಗಬಾರದು.

4. ಕಾಕ್ ಆಗಿರುವಾಗ ಹಿಂಬದಿಯ ಮರಕ್ಕೆ ಅಂಗೈಯಿಂದ ತಟ್ಟಿ. ಆಗಲೂ ಬೀಳಬಾರದು.

1, 3, 4ರಲ್ಲಿ ಯಾವುದೇ ಒಂದು ತಪ್ಪಿದರೂ ಆ ಕೋವಿಗೆ ತೋಟಾ ಹಾಕಬೇಡಿ. ಸ್ಪರ್ಧೆಗೆ ಒಂದೇ ಒಂದು ಗುಂಡು ಅಂತಲೂ ಬೇಡ.

ಲಕ್ಷಣ ನೋಡಿ ಕಾರಣ ತಿಳಿಯಿರಿ

ಟ್ರಿಗರ್ ಅಂಟಿಕೊಂಡ ಹಾಗೆ, ನಿಧಾನ ವಾಪಸ್ ಬರ್ತದಾ? ಹೆಚ್ಚಾಗಿ ಹಳೇ ಎಣ್ಣೆಯ ಜಿಡ್ಡು. ಕೆಲವರು ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ. ನಮ್ಮ ಡಿಸೆಂಬರ್ ಬೆಳಗಿನ ಚಳಿಗೆ ಸಿಯರ್ ಪೂರ್ತಿ ಏಳದೆ ಅರ್ಧಕ್ಕೇ ನಿಲ್ಲಬಹುದು. ಜಿಡ್ಡು ತೆಗೆದು ಗನ್ ಆಯಿಲ್ ಒಂದೆರಡು ಹನಿ ಸಾಕು.

ಮಳೆಗಾಲದಲ್ಲಿ ಒಂದು ಥರ, ಬೇಸಿಗೆಯಲ್ಲಿ ಇನ್ನೊಂದು ಥರ ಇದೆಯಾ? ಮರ ನೋಡಿ. ಲೀ-ಎನ್‌ಫೀಲ್ಡ್‌ನ ಹಳೇ ವಿನ್ಯಾಸದಲ್ಲಿ ಟ್ರಿಗರ್ ಕೂತಿರೋದು ಕೆಳಗಿನ ಗಾರ್ಡಿಗೆ, ಸಿಯರ್ ಇರೋದು ಮೇಲಿನ ಉಕ್ಕಿನ ಭಾಗಕ್ಕೆ. ನಡುವೆ ಮರ. ಮರ ಉಬ್ಬಿದರೆ, ಸೊರಗಿದರೆ, ಗಾರ್ಡಿನ ಸ್ಕ್ರೂ ಸಡಿಲವಾದರೆ ಇವೆರಡರ ಅಂತರ ಬದಲಾಗುತ್ತೆ. ಇದೇ ತೊಂದರೆಗಾಗಿ ಬ್ರಿಟಿಷ್ ಸೇನೆಯ ನಂತರದ ನಂ. 4 ಮಾರ್ಕ್ 2 ರೈಫಲ್‌ನಲ್ಲಿ ಟ್ರಿಗರನ್ನು ಮೇಲಿನ ಉಕ್ಕಿಗೇ ಜೋಡಿಸಿದರು.

ಟ್ರಿಗರ್ ಸಡಿಲ, ಜೊತೆಗೆ ಮ್ಯಾಗಜಿನ್ ಕೂಡ ಗಟ್ಟಿ ನಿಲ್ಲಲ್ವಾ? ಎರಡಕ್ಕೂ ಒತ್ತು ಕೊಡೋದು ಒಂದೇ ಸ್ಪ್ರಿಂಗು. ಅದು ಸೋತಿರಬಹುದು ಇಲ್ಲವೇ ಮುರಿದಿರಬಹುದು.

ಟ್ರಿಗರ್ ಸರಿ ಇದ್ದೂ ತೋಟಾ ಸಿಡಿಯದಿದ್ದರೆ ಟ್ರಿಗರಿಗೆ ಕೈ ಹಾಕಬೇಡಿ. ತೋಟಾ ತೇವ, ಪಿನ್ನು ಸವೆತ, ಮುಖ್ಯ ಸ್ಪ್ರಿಂಗ್ ಸೋತಿರೋದು, ಇವೇ ಕಾರಣ ಆಗಿರ್ತವೆ. ಅಂಥ ಹೊತ್ತಲ್ಲಿ ತಕ್ಷಣ ಬೋಲ್ಟ್ ತೆರೀಬೇಡಿ. ನಳಿಗೆ ಅಪಾಯವಿಲ್ಲದ ಕಡೆಗೆ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ. ತಡವಾಗಿ ಸಿಡಿಯೋದುಂಟು.

ಅರ ಹಾಕಬೇಡಿ

ಟ್ರಿಗರ್ ಹಗುರ ಮಾಡ್ತೀನಿ ಅಂತ ಸಿಯರ್ ಉಜ್ಜುವುದು ದೊಡ್ಡ ತಪ್ಪು. ಆ ಅಂಚಿನ ಮೇಲ್ಮೈ ಕಾಯಿಸಿ ಗಡುಸು ಮಾಡಿದ್ದು. ಉಜ್ಜಿದರೆ ಒಳಗಿನ ಮೆತ್ತನೆ ಲೋಹ ಹೊರಗೆ ಬಂದು ಬೇಗ ಸವೆಯುತ್ತೆ. ಕೋನ ಕೂದಲೆಳೆ ತಪ್ಪಿದರೂ ಸಾಕು, ಜೀಪಿನ ಕುಲುಕಾಟಕ್ಕೇ ಗುಂಡು ಹಾರಬಹುದು. ಹಳೇ ಕೋವಿ ಕೊಳ್ಳುವಾಗ ಟ್ರಿಗರ್ ವಿಪರೀತ ಹಗುರ ಇದ್ದರೆ ಯಾರೋ ಉಜ್ಜಿದ್ದಾರಾ ಅಂತ ಮೊದಲು ಕೇಳಿ.

ಲೇತ್, ವೆಲ್ಡಿಂಗ್ ಅಂಗಡಿಯವರೂ ಗಮನಿಸಿ

ಶಸ್ತ್ರಾಸ್ತ್ರ ಕಾಯ್ದೆ 1959ರ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿಯ ವ್ಯಾಪಾರಕ್ಕೂ ಪರವಾನಗಿ ಬೇಕು. 2019ರ ತಿದ್ದುಪಡಿ ನಂತರ ಪರವಾನಗಿ ಇಲ್ಲದೆ ಮಾಡಿದರೆ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು. ಪರಿಚಯದವರು ತಂದರು, ಸಣ್ಣ ಕೆಲಸ ಅಂತ ಒಪ್ಪಿಕೊಳ್ಳಬೇಡಿ.

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ. 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವವರಿಗೆ, ರಿಪೇರಿ ಅಂಗಡಿಗೆ ಅಲ್ಲ. ಪರವಾನಗಿ ಇರುವ ಗನ್ ಹೌಸಿಗೆ ಕೊಂಡೊಯ್ಯುವಾಗ ವಿನಾಯಿತಿ ಪತ್ರ ಅಥವಾ ಲೈಸೆನ್ಸ್ ಜೊತೆಗಿರಲಿ, ಕೋವಿ ಖಾಲಿ ಇರಲಿ, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ.

ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಗದ್ದೆಗೆ ನುಗ್ಗುವ ಕಾಡುಹಂದಿಯನ್ನೂ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ.

ಕೋವಿ ರಿಪೇರಿ ಆಗಿ ಬಂದ ಮೇಲೆ ಈ ನಾಲ್ಕೂ ಪರೀಕ್ಷೆಗಳನ್ನು ಅಂಗಡಿಯವರ ಮುಂದೆಯೇ ಮತ್ತೊಮ್ಮೆ ಮಾಡಿಸಿ ನೋಡಿ. ಎಲ್ಲ ಸರಿಯಿದ್ದರೆ ಮಾತ್ರ ಮನೆಗೆ ತನ್ನಿ.